ಸಿರಿಧಾನ್ಯ ತಟ್ಟೆಗೆ ಬರಲಿ, ಹಾಲು ಲೋಟದಲ್ಲೇ ಇರಲಿ

ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ಹಾಲು ಉತ್ಪಾದಕ ಸಹೋದರಿಯರೇ,

ಮೈಸೂರಿನ ಡಾ. ಖಾದರ್ ವಲಿ ಅವರ ಹೆಸರು ನೀವು ಕೇಳಿರುತ್ತೀರಿ. ಸಿರಿಧಾನ್ಯಗಳನ್ನು ಮನೆಮಾತಾಗಿಸಿದ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದೆ. ನವಣೆ, ಸಾಮೆ, ಹಾರಕ, ಊದಲು, ಕೊರಲೆ ಉಣ್ಣಿ. ಅಕ್ಕಿ, ಗೋಧಿ, ಸಕ್ಕರೆ, ಕಾಫಿ-ಟೀ ಬಿಡಿ ಎನ್ನುವುದು ಅವರ ಆರೋಗ್ಯ ಸೂತ್ರ. ಬಿಡಬೇಕಾದ ಪಟ್ಟಿಯಲ್ಲಿ ಹಾಲೂ ಇದೆ.

ಹಾಲಿನ ಒಕ್ಕೂಟದ ಪತ್ರಿಕೆ ಹಾಲಿನ ಪರವಾಗಿಯೇ ಮಾತಾಡುತ್ತದೆ ಎಂದು ನಿಮಗೆ ಅನಿಸಬಹುದು. ಅದಕ್ಕೇ ಲೆಕ್ಕ ಮುಂದಿಡುತ್ತೇವೆ, ತೀರ್ಮಾನ ನಿಮ್ಮದು.

ಒಪ್ಪಬೇಕಾದ ಮಾತು

ಮೂರು ಹೊತ್ತೂ ಪಾಲಿಶ್ ಅಕ್ಕಿ ಉಣ್ಣುವ ಮನೆಯಲ್ಲಿ ಒಂದು ಹೊತ್ತು ನವಣೆ ಅಥವಾ ಸಾಮೆ ಅನ್ನ ಮಾಡಿದರೆ ಒಳ್ಳೆಯದೇ. ಅದರಲ್ಲಿ ನಾರಿನಂಶ ಹೆಚ್ಚು. ಸಕ್ಕರೆ ಕಡಿಮೆ ಮಾಡುವುದೂ ಸರಿ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣದಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ರಕ್ತಹೀನತೆ ಇರುವ ಹೆಣ್ಣುಮಕ್ಕಳು ಇದನ್ನು ನೆನಪಿಡಿ. ಆದರೆ ಸಿರಿಧಾನ್ಯದಲ್ಲೂ ಪಿಷ್ಟವಿದೆ. ಅಳತೆ ಮೀರಿ ಉಂಡರೆ ಸಕ್ಕರೆ ಕಾಯಿಲೆಯವರಿಗೆ ಅದೂ ತೊಂದರೆಯೇ.

ರಾಗಿಯನ್ನು ಕೈಬಿಡಬೇಡಿ

ಡಾ. ಖಾದರ್ ಅವರು ರಾಗಿಯನ್ನು ಐದು ಸಿರಿಧಾನ್ಯಗಳ ಸಾಲಿಗೆ ಸೇರಿಸದೆ, ತಟಸ್ಥ ಧಾನ್ಯ ಎನ್ನುತ್ತಾರೆ. ಆದರೆ 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನವಣೆಯಲ್ಲಿ ಇರುವುದು ಸುಮಾರು 30 ಮಾತ್ರ. ಮೂಳೆಯ ಬಲಕ್ಕೆ ನಮ್ಮ ಮುದ್ದೆಯೇ ಮುಂದು.

ಹಾಲಿನ ಲೆಕ್ಕ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ವಯಸ್ಕ ಹೆಂಗಸಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 2024ರ ಅದರ ಆಹಾರ ಮಾರ್ಗಸೂಚಿಯ ಮಾದರಿ ತಟ್ಟೆಯಲ್ಲಿ ದಿನಕ್ಕೆ 300 ಮಿಲಿಲೀಟರ್ ಹಾಲು ಅಥವಾ ಮೊಸರು ಇದೆ. ಅಷ್ಟು ಹಾಲಿನಿಂದ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 9-10 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ 100 ಗ್ರಾಂ ರಾಗಿಹಿಟ್ಟಿನ ಮುದ್ದೆ ಉಂಡರೆ 700 ಆಯಿತು. ಉಳಿದದ್ದಕ್ಕೆ ನುಗ್ಗೆಸೊಪ್ಪು, ಎಳ್ಳು ಇವೆ. ಹಾಲು ಬಿಟ್ಟವರು ಈ ಪಾಲನ್ನು ಬೇರೆ ಕಡೆಯಿಂದ ತುಂಬಿಕೊಳ್ಳಲೇಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು, ಮಜ್ಜಿಗೆ ಒಗ್ಗಬಹುದು. ಹಾಲನ್ನು ಮಾತ್ರ ಕಾಯಿಸಿಯೇ ಕುಡಿಯಿರಿ.

ಮಾತ್ರೆ ನಿಲ್ಲಿಸಬೇಡಿ

ಇದು ಎಲ್ಲಕ್ಕಿಂತ ಮುಖ್ಯ. ಯಾರ ಪುಸ್ತಕ ಓದಿಯೇ ಆಗಲಿ, ಯಾರ ಭಾಷಣ ಕೇಳಿಯೇ ಆಗಲಿ, ಸಕ್ಕರೆ ಕಾಯಿಲೆ, ಬಿಪಿ, ಥೈರಾಯ್ಡ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಊಟ ಬದಲಿಸಿದ ಮೇಲೆ ರಕ್ತ ಪರೀಕ್ಷೆ ಮಾಡಿಸಿ, ವರದಿಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮಾತ್ರೆ ಕಡಿಮೆ ಮಾಡುವುದಿದ್ದರೆ ಅವರೇ ಹೇಳಲಿ. ಮನೆಯಲ್ಲಿ ಅತ್ತೆ-ಮಾವನಿಗೂ ಇದನ್ನು ತಿಳಿಸಿ.

ಇನ್ನೊಂದು ಮಾತು. ಹಾಲನ್ನೆಲ್ಲ ಡೈರಿಗೆ ಹಾಕಿ, ಉಳಿದ ತೊಟ್ಟನ್ನು ಮಕ್ಕಳಿಗೂ ಗಂಡಸರಿಗೂ ಕೊಟ್ಟು, ತಾವು ಬರೀ ಟೀ ಕುಡಿದು ಕೊಟ್ಟಿಗೆಗೆ ಹೋಗುವ ಹೆಣ್ಣುಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ನಾಳೆಯಿಂದ ಕ್ಯಾನು ಸೊಸೈಟಿಗೆ ಹೊರಡುವ ಮುಂಚೆ ನಿಮ್ಮ ಪಾಲಿನ ಹಾಲನ್ನು ತೆಗೆದಿಡಿ.