ಬೆಂಗಳೂರು ಸೇರಿದ ನಂದಿನಿ

ಬೀರೂರು–ಚಿಕ್ಕಜಾಜೂರು ರೈಲು ಮಾರ್ಗದಲ್ಲಿ ಶಿವನಿಯೂ ಒಂದು ನಿಲ್ದಾಣ. ಇಂತಹ ಊರುಗಳಿಂದ ಕೆಲಸವನ್ನರಸಿ ರಾಜಧಾನಿಗೆ ಹೊರಡುವ ಹೆಣ್ಣುಮಕ್ಕಳ ಬಾಳು 2023ರಲ್ಲಿ ಹಾಡಾಯಿತು. ಇನ್‌ಸ್ಟಾಗ್ರಾಮಿನ ನಗೆತುಣುಕುಗಳಿಂದ ‘ವಿಕ್ಕಿಪೀಡಿಯಾ’ ಎಂದೇ ಹೆಸರಾದ ವಿಕಾಸ್, ಡೆನ್ಮಾರ್ಕಿನ ಆಕ್ವಾ ತಂಡದ 1997ರ ‘ಬಾರ್ಬಿ ಗರ್ಲ್’ ಗೀತೆಯ ಧಾಟಿಗೆ ಕನ್ನಡದ ಮಾತು ಜೋಡಿಸಿ, ತಾವೇ ನಂದಿನಿಯಾಗಿ ಕಾಣಿಸಿಕೊಂಡರು. ನಾಟಕ ಕಂಪೆನಿಗಳಲ್ಲಿ ಗಂಡಸರ ಸ್ತ್ರೀಪಾತ್ರಗಳನ್ನು ಮೆಚ್ಚಿದ ನಾಡಿಗೆ ವೇಷ ಹೊಸತಲ್ಲ, ವಿಷಯ ಹೊಸತು. ಪರದೇಶದ ಬೊಂಬೆ ಪ್ಲಾಸ್ಟಿಕ್ಕಿನ ಲೋಕದಲ್ಲಿ ಸುಖವಾಗಿದ್ದಳು. ನಮ್ಮ ನಂದಿನಿಗಾದರೋ ಪಿ.ಜಿ.ಯ ವಾಸ, ರುಚಿಗೆಟ್ಟ ಊಟ!

ನಾಡೆಲ್ಲ ನಕ್ಕಿತು. ಆದರೆ ಮಗಳನ್ನು ರೈಲು ಹತ್ತಿಸಿ ಮನೆಗೆ ಮರಳಿದ ತಾಯಿ, ರಾತ್ರಿ ಫೋನಿನಲ್ಲಿ ಮೊದಲು ಕೇಳುವುದೂ ಅದನ್ನೇ ಅಲ್ಲವೆ: “ಊಟ ಆಯ್ತೇನಮ್ಮ?”