ಮೊಬೈಲ್ ನಿಧಾನವಾಯಿತೇ? ಹೊಸತು ಕೊಳ್ಳುವ ಮೊದಲು

ಸಂಘಕ್ಕೆ ಮಾಲು ತಂದು, ತೂಕ ಮಾಡಿಸಿ, ಹಣ ಖಾತೆಗೆ ಜಮೆಯಾಯಿತೇ ಎಂದು ನೋಡಲು ಮೊಬೈಲ್ ಕೈಗೆತ್ತಿಕೊಂಡ ಸದಸ್ಯರು ಪರದೆಯ ಮೇಲೆ ಸುತ್ತುತ್ತಲೇ ಇರುವ ಚಕ್ರವನ್ನು ನೋಡುತ್ತಾ ನಿಲ್ಲುವುದು ಈಗ ಸಾಮಾನ್ಯ ನೋಟ. ಬ್ಯಾಂಕಿನಿಂದ ಬಂದ ಒ.ಟಿ.ಪಿ. ತೆರೆದು ನೋಡುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಬೆಳೆ ಸಮೀಕ್ಷೆಗೆಂದು ತೋಟದಲ್ಲಿ ನಿಂತು ಫೋಟೋ ತೆಗೆಯಹೊರಟರೆ ಕ್ಯಾಮೆರಾ ತೆರೆಯುವುದೇ ಇಲ್ಲ. ಬರೀ ಮಾತನಾಡುವುದಕ್ಕಿದ್ದ ಕಾಲದಲ್ಲಿ ಮೊಬೈಲ್ ಕೆಟ್ಟರೆ ಒಂದು ವಾರ ಅದಿಲ್ಲದೆಯೂ ನಡೆಯುತ್ತಿತ್ತು. ಈಗ ಪಾಸ್‌ಪುಸ್ತಕ, ಪಹಣಿ, ಧಾರಣೆ, ಮಳೆಯ ಸೂಚನೆ ಎಲ್ಲವೂ ಅದರೊಳಗೆ ಸೇರಿರುವುದರಿಂದ ಅದು ತಡೆದರೆ ನಮ್ಮ ವ್ಯವಹಾರವೇ ತಡೆಯುತ್ತದೆ.

ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗುವ ಉತ್ತರ, “ಇದು ಹಳೇದಾಯ್ತು, ಹೊಸದು ತಗೊಳ್ಳಿ” ಎಂಬುದು. ಮೂರು ನಾಲ್ಕು ವರ್ಷ ಬಳಸಿದ ಮೊಬೈಲಿನ ಮಟ್ಟಿಗೆ ಈ ಮಾತನ್ನು ತಟ್ಟನೆ ಒಪ್ಪಬೇಕಾಗಿಲ್ಲ. ಇಂಥವುಗಳಲ್ಲಿ ಹೆಚ್ಚಿನವಕ್ಕೆ ಇರುವ ಕೊರತೆ ಒಳಗಿನ ಜಾಗದ್ದು. ಒಂದು ಮಧ್ಯಾಹ್ನ ಕುಳಿತು ಮಾಡುವ ಕೆಲಸದಿಂದ ಇನ್ನೂ ಒಂದೆರಡು ವರ್ಷ ನಡೆಸಬಹುದು. ಆದರೆ ಕೆಲಸದ ಕ್ರಮ ಮುಖ್ಯ. ಹಿಂದುಮುಂದಾದರೆ ಜಾಗದೊಂದಿಗೆ ಕಾಗದಪತ್ರವೂ ಖಾಲಿಯಾಗುತ್ತದೆ. ನಮ್ಮ ಸದಸ್ಯರಲ್ಲಿ ಬಹುಪಾಲು ಮಂದಿಯ ಕೈಯಲ್ಲಿರುವುದು ಆಂಡ್ರಾಯ್ಡ್ ಮೊಬೈಲಾದುದರಿಂದ ಇಲ್ಲಿಯ ವಿವರ ಅದಕ್ಕೆ ಸಂಬಂಧಿಸಿದ್ದು. ಸೆಟ್ಟಿಂಗ್ಸ್‌ನಲ್ಲಿ ಕಾಣುವ ಹೆಸರುಗಳು ಕಂಪೆನಿಯಿಂದ ಕಂಪೆನಿಗೆ ಸ್ವಲ್ಪ ಬದಲಾಗುವುದುಂಟು.

ಮೊದಲು ರೋಗ ಯಾವುದು?

ಎಲೆ ಹಳದಿಯಾದ ಮಾತ್ರಕ್ಕೆ ಗೊಬ್ಬರ ಕಡಿಮೆಯಾಗಿದೆ ಎನ್ನಲಾಗದು. ಬುಡದಲ್ಲಿ ನೀರು ನಿಂತಿರಲೂಬಹುದು. ಹಾಗೆಯೇ ಮಲೆನಾಡಿನಲ್ಲಿ ನಿಧಾನವಾಗಿರುವುದು ಮೊಬೈಲೋ ಸಿಗ್ನಲ್ಲೋ ಎಂಬುದನ್ನು ಮೊದಲು ತಿಳಿಯಬೇಕು. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಬಳಿಕ ಇಂಟರ್ನೆಟ್ಟಿನ ಹಂಗಿಲ್ಲದ ಕ್ಯಾಲ್ಕುಲೇಟರ್, ಗ್ಯಾಲರಿ, ಹೆಸರುಗಳ ಪಟ್ಟಿ ಇವುಗಳನ್ನು ತೆರೆದು ನೋಡಿ. ಇವು ಚುರುಕಾಗಿ ತೆರೆದರೆ ಮೊಬೈಲಿನಲ್ಲಿ ದೋಷವಿಲ್ಲ, ಗುಡ್ಡದ ಮರೆಯಲ್ಲಿರುವ ಟವರಿನದು ದೋಷ. ಅಂಥವರು ಹೊಸ ಮೊಬೈಲ್ ಕೊಂಡರೂ ಚಕ್ರ ಸುತ್ತುತ್ತಲೇ ಇರುತ್ತದೆ. ಸಿಗ್ನಲ್ ದುರ್ಬಲವಿದ್ದಲ್ಲಿ ಮೊಬೈಲ್ ಟವರನ್ನು ತಲುಪಲು ಹೆಚ್ಚು ಶಕ್ತಿ ವ್ಯಯಿಸುವುದರಿಂದ ಬ್ಯಾಟರಿ ಬೇಗ ಇಳಿಯುವುದೂ ಮೈ ಬಿಸಿಯಾಗುವುದೂ ಇದೇ ಕಾರಣಕ್ಕೆ.

ಏರೋಪ್ಲೇನ್ ಮೋಡ್‌ನಲ್ಲಿಯೂ ತಡವರಿಸಿದರೆ ಒಮ್ಮೆ ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ತಿಂಗಳುಗಟ್ಟಲೆ ಆಫ್ ಮಾಡದೆ ಇಟ್ಟುಕೊಂಡಿರುವವರೇ ಹೆಚ್ಚು. ವಾರಕ್ಕೊಮ್ಮೆ ಹೀಗೆ ಮಾಡುವುದರಿಂದ ನಷ್ಟವೇನಿಲ್ಲ.

ಕಣವೂ ಗೋದಾಮೂ

ಮೊಬೈಲಿನೊಳಗೆ ಎರಡು ಬಗೆಯ ಜಾಗಗಳಿವೆ. ರ್‍ಯಾಮ್ ಎಂಬುದು ಕಾಫಿ ಒಣಗಿಸುವ ಕಣವಿದ್ದಂತೆ. ಆ ಹೊತ್ತಿಗೆ ನಡೆಯುತ್ತಿರುವ ಕೆಲಸವೆಲ್ಲ ಅಲ್ಲಿ ಹರಡಿರುತ್ತದೆ. ಸ್ಟೋರೇಜ್ ಎಂಬುದು ಗೋದಾಮು. ಫೋಟೋ, ವಿಡಿಯೋ, ಆ್ಯಪ್‌ಗಳೆಲ್ಲ ದಾಸ್ತಾನಿರುವುದು ಅಲ್ಲಿ. 2 ಅಥವಾ 3 ಜಿ.ಬಿ. ಕಣವಿರುವ ಮೊಬೈಲಿನಲ್ಲಿ ಹೊಸ ಆ್ಯಪ್ ತೆರೆದಾಗ ಹಳೆಯದನ್ನು ಬಾಚಿ ಬದಿಗಿಡಬೇಕಾಗುತ್ತದೆ. ಮತ್ತೆ ಅದನ್ನೇ ತೆರೆದರೆ ಗೋದಾಮಿನಿಂದ ಹೊಸದಾಗಿ ಹೊತ್ತು ತರಬೇಕು. ಕಣವನ್ನು ದೊಡ್ಡದು ಮಾಡಲು ಬರುವುದಿಲ್ಲ. ಕೆಲವು ಕಂಪೆನಿಗಳು ಹೆಚ್ಚುವರಿ ರ್‍ಯಾಮ್ ಎಂದು ಜಾಹೀರಾತು ಮಾಡುವುದು ಗೋದಾಮಿನ ಒಂದು ಮೂಲೆಯನ್ನೇ ಕಣವೆಂದು ತೋರಿಸುವುದಷ್ಟೆ. ಅದು ನಿಜವಾದ ರ್‍ಯಾಮಿನಷ್ಟು ವೇಗವಾಗಿ ಇರಲಾರದು.

ನಮ್ಮ ಕೈಯಲ್ಲಿರುವುದು ಗೋದಾಮು ಮಾತ್ರ. ಅದು ತುಂಬಿದರೆ ಇನ್ನಷ್ಟು ಇಡಲಾಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದದ್ದೇ. ಆದರೆ ಇದ್ದ ಕೆಲಸವೂ ಏಕೆ ನಿಧಾನವಾಗಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದು. ಮೊಬೈಲಿನ ಸ್ಟೋರೇಜ್ ಚಿಪ್ಪಿನಲ್ಲಿ ಸ್ಲೇಟಿನಂತೆ ಒಂದು ಅಕ್ಷರ ಒರೆಸಿ ಅದೇ ಜಾಗದಲ್ಲಿ ಇನ್ನೊಂದು ಬರೆಯಲಾಗುವುದಿಲ್ಲ. ಚಿಪ್ಪು ಅನೇಕ ಅಂಕಣಗಳಾಗಿ ಭಾಗವಾಗಿದ್ದು, ಅಳಿಸುವುದಾದರೆ ಒಂದು ಅಂಕಣವನ್ನು ಇಡಿಯಾಗಿಯೇ ಅಳಿಸಬೇಕು. ಆ ಅಂಕಣದಲ್ಲಿ ಬೇಡದ ಮಾಹಿತಿಯ ಜೊತೆಗೆ ಬೇಕಾದದ್ದೂ ಇದ್ದರೆ, ಬೇಕಾದದ್ದನ್ನು ಮೊದಲು ಬೇರೊಂದು ಖಾಲಿ ಅಂಕಣಕ್ಕೆ ಸಾಗಿಸಿ, ಆಮೇಲೆ ಇದನ್ನು ಅಳಿಸಿ, ಆಮೇಲೆ ಹೊಸತನ್ನು ಬರೆಯಬೇಕು. ಜಾಗ ಸಾಕಷ್ಟಿದ್ದರೆ ಈ ಸಾಗಾಟವನ್ನು ಮೊಬೈಲ್ ನಾವು ಬಳಸದಿರುವ ಹೊತ್ತಿನಲ್ಲಿ ಮುಗಿಸಿಕೊಂಡಿರುತ್ತದೆ. 2013ರಲ್ಲಿ ಬಂದ ಆಂಡ್ರಾಯ್ಡ್ 4.3ರಿಂದ ಈಚೆಗೆ ಇದಕ್ಕೆ ನೆರವಾಗುವ ಏರ್ಪಾಡು ಅದರಲ್ಲಿಯೇ ಇದೆ. ಜಾಗ ತುಂಬಿದ್ದರೆ ಮಾತ್ರ, ನಾವು ಒಂದು ಸಂದೇಶ ತೆರೆಯುವ ನಡುವೆಯೇ ಈ ಮೂಟೆ ಸರಿಸುವ ಕೆಲಸವೂ ನಡೆಯಬೇಕಾಗುತ್ತದೆ. ಚಕ್ರ ಸುತ್ತುವುದು ಆಗ.

ಶೇಕಡಾ 10ಕ್ಕಿಂತ ಕಡಿಮೆ ಜಾಗ ಉಳಿದಾಗ ತೊಂದರೆ ಕಾಣಿಸಿಕೊಳ್ಳಬಹುದೆಂದು ಗೂಗಲ್ ಕಂಪೆನಿಯೇ ತಿಳಿಸುತ್ತದೆ. 32 ಜಿ.ಬಿ. ಮೊಬೈಲಿನಲ್ಲಿ ಇದು ಸುಮಾರು 3 ಜಿ.ಬಿ. ಆಯಿತು. ನಮ್ಮ ಅಭಿಪ್ರಾಯದಲ್ಲಿ ಅದರ ಎರಡರಷ್ಟು ಖಾಲಿ ಇಟ್ಟುಕೊಳ್ಳುವುದು ಕ್ಷೇಮ. ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಎಂಬಲ್ಲಿ ನೋಡಿದರೆ ಎಷ್ಟು ತುಂಬಿದೆ, ಯಾವುದರಿಂದ ತುಂಬಿದೆ ಎಂಬ ಲೆಕ್ಕ ಸಿಗುತ್ತದೆ.

ಕಾಗದಪತ್ರ ಮೊದಲು, ಕಸ ಆಮೇಲೆ

ಏನನ್ನೂ ಅಳಿಸುವ ಮುನ್ನ, ಮತ್ತೆ ಸಿಗಲಾರದ್ದನ್ನು ಬೇರೆಡೆಗೆ ಸಾಗಿಸಿ. ಪಹಣಿಯ ಪ್ರತಿ, ಮಾರಾಟದ ಬಿಲ್ಲು, ತೂಕದ ಚೀಟಿ, ಬೆಳೆ ವಿಮೆಯ ರಸೀತಿ, ಸಾಲದ ಪತ್ರ ಇವುಗಳನ್ನು ಅನೇಕರು ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ರೂಪದಲ್ಲಿಯೇ ಬಿಟ್ಟಿರುತ್ತಾರೆ. ವಾಟ್ಸ್‌ಆ್ಯಪ್ ಶುಚಿ ಮಾಡಿದಾಗ ಶುಭೋದಯದ ಚಿತ್ರಗಳ ಜೊತೆಗೆ ಇವೂ ಹೋಗುತ್ತವೆ. ವಿಮೆಯ ತಕರಾರು ಬಂದ ದಿನ ರಸೀತಿ ಹುಡುಕಿ ಪ್ರಯೋಜನವಿಲ್ಲ. ಕೇಬಲ್ ಮೂಲಕ ಕಂಪ್ಯೂಟರಿಗೋ, ಮೊಬೈಲಿಗೆ ಹೊಂದುವ ಪೆನ್ ಡ್ರೈವಿಗೋ ನಕಲು ಮಾಡಿ. ಅದೂ ಆಗದಿದ್ದರೆ ನಿಮ್ಮದೇ ಇ-ಮೇಲ್ ವಿಳಾಸಕ್ಕೆ ಕಳುಹಿಸಿಕೊಳ್ಳಿ.

ಗೂಗಲ್ ಫೋಟೋಸ್ ಬಳಸುವವರು ಎರಡು ವಿಷಯ ಗಮನಿಸತಕ್ಕದ್ದು. ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೆ ಕೊನೆಗೊಂಡಿತು. ಈಗ ಜಿ-ಮೇಲ್ ಮೊದಲಾದವೆಲ್ಲ ಸೇರಿ 15 ಜಿ.ಬಿ. ಮಾತ್ರ ಉಚಿತ. ಎರಡನೆಯದು ಇನ್ನೂ ಮುಖ್ಯ. ಬ್ಯಾಕಪ್ ಆದ ಫೋಟೋವನ್ನು ಆ ಆ್ಯಪ್‌ನಲ್ಲಿ ಡಿಲೀಟ್ ಮಾಡಿದರೆ ಮೊಬೈಲಿನಿಂದಲೂ ಹೋಗುತ್ತದೆ, ಗೂಗಲ್‌ನಿಂದಲೂ ಹೋಗುತ್ತದೆ; ಕಸದ ಬುಟ್ಟಿಯಲ್ಲಿ 60 ದಿನ ಇರುವುದಷ್ಟೇ ಸಮಾಧಾನ. ಮೊಬೈಲಿನಿಂದ ಮಾತ್ರ ತೆಗೆಯಬೇಕಿದ್ದರೆ ‘ಫ್ರೀ ಅಪ್ ಸ್ಪೇಸ್’ ಎಂಬುದನ್ನೇ ಒತ್ತಬೇಕು.

ಇಷ್ಟಾದ ಮೇಲೆ ವಾಟ್ಸ್‌ಆ್ಯಪ್ ತೆರೆಯಿರಿ. ಅದರ ಸೆಟ್ಟಿಂಗ್ಸ್‌ನ ‘ಸ್ಟೋರೇಜ್ ಆ್ಯಂಡ್ ಡೇಟಾ’ ಎಂಬಲ್ಲಿ ‘ಮ್ಯಾನೇಜ್ ಸ್ಟೋರೇಜ್’ ಇದೆ. 5 ಎಂ.ಬಿ.ಗಿಂತ ದೊಡ್ಡ ಕಡತಗಳನ್ನೂ, ಅನೇಕ ಸಲ ಫಾರ್ವರ್ಡ್ ಆದವುಗಳನ್ನೂ ಅದು ಬೇರೆಯಾಗಿಯೇ ವಿಂಗಡಿಸಿ ತೋರಿಸುತ್ತದೆ. ಯಾವ ಗುಂಪಿನಿಂದ ಎಷ್ಟು ಬಂದಿದೆ ಎಂಬುದೂ ತಿಳಿಯುತ್ತದೆ. ಮೊದಲು ವಿಡಿಯೋಗಳನ್ನು ತೆಗೆಯಿರಿ. ಮದುವೆಮನೆಯ ಒಂದು ವಿಡಿಯೋ ಹಿಡಿಯುವ ಜಾಗದಲ್ಲಿ ನೂರಾರು ಬಿಲ್ಲಿನ ಫೋಟೋ ಹಿಡಿಸುತ್ತದೆ. ಹಳೆಯ ಧಾರಣೆ ಪಟ್ಟಿಯ ಚಿತ್ರಗಳನ್ನೂ ಇಟ್ಟುಕೊಳ್ಳಬೇಕಾಗಿಲ್ಲ. ಅಲ್ಲಿಯೇ ಕೆಳಗಿರುವ ‘ಮೀಡಿಯಾ ಆಟೋ ಡೌನ್‌ಲೋಡ್’ ನಿಲ್ಲಿಸಿದರೆ ಬೇಕೆಂದು ಒತ್ತಿದ್ದು ಮಾತ್ರ ಇಳಿಯುತ್ತದೆ. ಇದನ್ನು ನಿಲ್ಲಿಸದೆ ಶುಚಿ ಮಾಡಿದವರು ಮೂರು ತಿಂಗಳಿಗೆ ಮತ್ತೆ ಅದೇ ಸ್ಥಿತಿಗೆ ಬರುತ್ತಾರೆ.

ಆ್ಯಪ್‌ಗಳ ಸರದಿ ಆಮೇಲೆ. ಆರು ತಿಂಗಳಿಂದ ತೆರೆಯದವನ್ನು ತೆಗೆದುಬಿಡಿ. ಬೆಳೆ ಸಮೀಕ್ಷೆಗೆ ಬೇರೆ ಬೇರೆ ಹಂಗಾಮಿನಲ್ಲಿ ಹಾಕಿಕೊಂಡ ಹಳೆಯ ಆ್ಯಪ್‌ಗಳು ಹಲವರ ಮೊಬೈಲಿನಲ್ಲಿ ಹಾಗೆಯೇ ಉಳಿದಿವೆ. ಆ ವರ್ಷದ ಮಾಹಿತಿ ಅಪ್‌ಲೋಡ್ ಆಗಿದೆಯೆಂದು ಖಚಿತಪಡಿಸಿಕೊಂಡು ತೆಗೆಯಿರಿ. ಉಳಿಸಿಕೊಂಡ ಆ್ಯಪ್‌ಗಳಲ್ಲಿ ‘ಕ್ಲಿಯರ್ ಕ್ಯಾಶ್’ ಮಾಡಿದರೆ ಹೋಗುವುದು ತಾತ್ಕಾಲಿಕ ಕಡತಗಳು ಮಾತ್ರ. ಆದರೆ ಅದರ ಪಕ್ಕದಲ್ಲಿಯೇ ಇರುವ ‘ಕ್ಲಿಯರ್ ಡೇಟಾ’ ಅಥವಾ ‘ಕ್ಲಿಯರ್ ಸ್ಟೋರೇಜ್’ ಒತ್ತಬೇಡಿ. ಬ್ಯಾಂಕಿನ ಆ್ಯಪ್‌ನಲ್ಲಿ ಒತ್ತಿದರೆ ಮೊದಲಿನಿಂದ ನೋಂದಣಿಯಾಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಒತ್ತಿದರೆ ಬ್ಯಾಕಪ್ ಇಲ್ಲದ ಮಾತುಕತೆಯೆಲ್ಲ ಹೋಯಿತು.

‘ಕ್ಲೀನರ್’ ಎಂಬ ಮದ್ದು ಬೇಡ

ಮೊಬೈಲನ್ನು ಒಂದೇ ಒತ್ತಿಗೆ ವೇಗಗೊಳಿಸುತ್ತೇವೆ ಎನ್ನುವ ಆ್ಯಪ್‌ಗಳಿವೆ. ಇವು ಸ್ವತಃ ಜಾಗ ಹಿಡಿಯುತ್ತವೆ, ಸದಾ ಹಿಂದಿನಿಂದ ನಡೆಯುತ್ತಿರುತ್ತವೆ, ಜೊತೆಗೆ ಜಾಹೀರಾತು ತೋರಿಸುತ್ತವೆ. ಕಳೆ ತೆಗೆಯಲು ಬಂದು ತೋಟದಲ್ಲೇ ಬೀಡುಬಿಟ್ಟಂತೆ. ಬಹಳ ಹೆಸರು ಮಾಡಿದ್ದ ಕ್ಲೀನ್ ಮಾಸ್ಟರ್ ಆ್ಯಪ್ ಗೂಗಲ್ ಪ್ಲೇ ಸ್ಟೋರ್‌ನಿಂದ ಹೊರಬಿತ್ತು. 2020ರ ಜೂನ್ 29ರಂದು ಭಾರತ ಸರ್ಕಾರ ದೇಶದ ಭದ್ರತೆಯ ಕಾರಣ ನೀಡಿ ನಿಷೇಧಿಸಿದ 59 ಆ್ಯಪ್‌ಗಳಲ್ಲಿಯೂ ಅದಿತ್ತು, ಡಿ.ಯು. ಕ್ಲೀನರ್, ಡಿ.ಯು. ಬ್ಯಾಟರಿ ಸೇವರ್, ವೈರಸ್ ಕ್ಲೀನರ್ ಸಹ ಅದೇ ಪಟ್ಟಿಯಲ್ಲಿದ್ದವು. ಸಹಾಯ ಬೇಕೇಬೇಕೆಂದರೆ ಗೂಗಲ್‌ನದೇ ಆದ ‘ಫೈಲ್ಸ್’ ಸಾಕು.

ಇದಕ್ಕಿಂತ ಅಪಾಯದ್ದು ವಾಟ್ಸ್‌ಆ್ಯಪ್‌ನಲ್ಲಿ ಎ.ಪಿ.ಕೆ. ಎಂಬ ಕಡತವಾಗಿ ಬರುವ ಆ್ಯಪ್. ರೈತರ ಯೋಜನೆಯ ಹೆಸರಿನಲ್ಲೋ ವಾಹನದ ದಂಡದ ಹೆಸರಿನಲ್ಲೋ ಬರುವ ಇಂಥದ್ದನ್ನು ಹಾಕಿಕೊಂಡರೆ ಮೊಬೈಲ್ ನಿಧಾನವಾಗುವುದು ಸಣ್ಣ ಸಂಗತಿ. ಅದು ನಮ್ಮ ಎಸ್.ಎಂ.ಎಸ್. ಓದಿ ಒ.ಟಿ.ಪಿ.ಯನ್ನು ಬೇರೆಯವರಿಗೆ ತಲುಪಿಸಬಲ್ಲದು. ಹಣ ಹೋದದ್ದು ತಿಳಿದ ಕೂಡಲೇ ತಡಮಾಡದೆ 1930ಕ್ಕೆ ಕರೆಮಾಡಬೇಕು.

ಇನ್ನೊಂದು ಅಭ್ಯಾಸ, ತೆರೆದ ಆ್ಯಪ್‌ಗಳನ್ನೆಲ್ಲ ಗಳಿಗೆಗೊಮ್ಮೆ ಬೆರಳಿನಿಂದ ಮೇಲಕ್ಕೆ ತಳ್ಳಿ ಮುಚ್ಚುವುದು. ಇದರಿಂದ ಬ್ಯಾಟರಿ ಉಳಿಯುವುದಿಲ್ಲವೆಂದು ಗೂಗಲ್‌ನ ಹಿರೋಶಿ ಲಾಕ್‌ಹೈಮರ್ ಮತ್ತು ಆ್ಯಪಲ್‌ನ ಕ್ರೇಗ್ ಫೆಡರಿಗಿ ಇಬ್ಬರೂ 2016ರಲ್ಲೇ ಹೇಳಿದ್ದಾರೆ. ಅರ್ಧ ಗಂಟೆಯಲ್ಲಿ ಮತ್ತೆ ಹರಡಬೇಕಾದ ಕಾಫಿಯನ್ನು ಕಣದಿಂದ ಬಾಚಿ ಗೋದಾಮಿಗೆ ಹೊರುವುದು ಯಾರಿಗೆ ಬೇಕು? ಯಾವುದಾದರೊಂದು ಆ್ಯಪ್ ಸಿಕ್ಕಿಕೊಂಡಾಗ ಅದನ್ನು ಮಾತ್ರ ಮುಚ್ಚಿದರೆ ಸಾಕು. ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಅಪರೂಪಕ್ಕೆ ಬಳಸುವ ಆ್ಯಪ್‌ಗಳನ್ನು ಮಲಗಿಸಿಡಬಹುದು. ಆದರೆ ಸಿಡಿಲಿನ ಎಚ್ಚರಿಕೆ ಕೊಡುವ ‘ದಾಮಿನಿ’ಯಂಥದ್ದನ್ನು ಮಲಗಿಸಬಾರದು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ಆ ಆ್ಯಪ್ ಎಚ್ಚರವಿದ್ದರಷ್ಟೇ ನಮ್ಮನ್ನು ಎಚ್ಚರಿಸೀತು.

ಬಿಸಿ ಮತ್ತು ಬ್ಯಾಟರಿ

ಜೀಪಿನ ಡ್ಯಾಶ್‌ಬೋರ್ಡಿನ ಮೇಲೆ, ಅಡಿಕೆ ಹರಡಿದ ಅಂಗಳದಲ್ಲಿ ಬಿಸಿಲಿಗಿಟ್ಟ ಮೊಬೈಲ್ ತನ್ನನ್ನು ಕಾಪಾಡಿಕೊಳ್ಳಲು ತಾನಾಗಿಯೇ ವೇಗ ತಗ್ಗಿಸುತ್ತದೆ. ನೆರಳಿಗೆ ತಂದು ತಣಿಸಿದರೆ ಸರಿಹೋಗುತ್ತದೆ, ಫ್ರಿಜ್ಜಿನಲ್ಲಿ ಇಡಬೇಡಿ. ಬ್ಯಾಟರಿ ಹಳತಾದುದೂ ಕಾರಣವಾಗಬಹುದು. ಬ್ಯಾಟರಿ ಸವೆದ ಐಫೋನ್‌ಗಳು ದಿಢೀರನೆ ಆಫ್ ಆಗದಿರಲೆಂದು ಅವುಗಳ ವೇಗವನ್ನು ತಾನೇ ತಗ್ಗಿಸುತ್ತಿದ್ದುದಾಗಿ ಆ್ಯಪಲ್ ಕಂಪೆನಿ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. ಬಳಕೆದಾರರಿಗೆ ಇದನ್ನು ತಿಳಿಸದಿದ್ದುದಕ್ಕಾಗಿ ಫ್ರಾನ್ಸಿನಲ್ಲಿ 2020ರಲ್ಲಿ 25 ದಶಲಕ್ಷ ಯೂರೋ ದಂಡ ತೆತ್ತಿತು. ಶೇಕಡಾ 20–30 ಚಾರ್ಜ್ ತೋರಿಸುತ್ತಿರುವಾಗಲೇ ಮೊಬೈಲ್ ಆರಿಹೋಗುತ್ತಿದ್ದರೆ ಬದಲಿಸಬೇಕಾದದ್ದು ಬಹುಶಃ ಬ್ಯಾಟರಿಯನ್ನು, ಮೊಬೈಲನ್ನಲ್ಲ. ಬೆನ್ನು ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕುವುದನ್ನು ಅಂದೇ ನಿಲ್ಲಿಸಿ ರಿಪೇರಿಗೆ ಕೊಡಿ.

ಕೊನೆಯ ಮದ್ದು ಫ್ಯಾಕ್ಟರಿ ರಿಸೆಟ್. ಒಳಗಿರುವುದೆಲ್ಲ ಅಳಿಸಿ ಮೊಬೈಲ್ ಕೊಂಡ ದಿನದಂತಾಗುತ್ತದೆ, ಚುರುಕೂ ಆಗುತ್ತದೆ. ಆದರೆ ಆಂಡ್ರಾಯ್ಡ್ 5.1ರಿಂದ ಈಚೆಗೆ ಕಳ್ಳತನ ತಡೆಯಲೆಂದು ಒಂದು ಬೀಗವಿದೆ. ರಿಸೆಟ್ ಆದ ಮೇಲೆ ಹಳೆಯ ಗೂಗಲ್ ಖಾತೆಯ ಪಾಸ್‌ವರ್ಡ್ ಕೇಳಿದರೆ ಅದನ್ನು ಕೊಡದೆ ಮೊಬೈಲ್ ತೆರೆಯದು. ನಮ್ಮ ಹಳ್ಳಿಗಳಲ್ಲಿ ಆ ಖಾತೆ ಮಾಡಿಕೊಟ್ಟವರು ಬೆಂಗಳೂರಿನಲ್ಲಿರುವ ಮಗನೋ ಮಗಳೋ ಆಗಿದ್ದು, ಪಾಸ್‌ವರ್ಡ್ ಅವರಿಗೂ ಮರೆತಿರುತ್ತದೆ. ಆದುದರಿಂದ ಮೊದಲು ಅದನ್ನು ಕೇಳಿ, ಸರಿಯೆಂದು ಪರೀಕ್ಷಿಸಿ, ಮನೆಯಲ್ಲಿ ಒಂದು ಕಡೆ ಬರೆದಿಡಿ. ವಾಟ್ಸ್‌ಆ್ಯಪ್ ಬ್ಯಾಕಪ್ ಆದ ದಿನಾಂಕ ನೋಡಿಕೊಳ್ಳಿ. ಯು.ಪಿ.ಐ. ಆ್ಯಪ್‌ಗಳನ್ನು ಮತ್ತೆ ನೋಂದಾಯಿಸಬೇಕಾಗುವುದರಿಂದ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಮೊಬೈಲಿನಲ್ಲಿರಬೇಕು. ಕೂಲಿ ಬಟವಾಡೆಯ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಹೊಸತು ಕೊಳ್ಳಲೇಬೇಕಾದ ಸಂದರ್ಭ ಒಂದಿದೆ. ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ನಲ್ಲಿ ಆಂಡ್ರಾಯ್ಡ್ ಆವೃತ್ತಿಯ ಜೊತೆಗೆ ಸೆಕ್ಯುರಿಟಿ ಅಪ್‌ಡೇಟ್‌ನ ದಿನಾಂಕ ಕಾಣುತ್ತದೆ. ಅದು ಎರಡು ಮೂರು ವರ್ಷ ಹಿಂದಿನದಾಗಿದ್ದು, ಅಪ್‌ಡೇಟ್ ಹುಡುಕಿದರೂ ಏನೂ ಬಾರದಿದ್ದರೆ ಕಂಪೆನಿ ಆ ಮೊಬೈಲಿನ ಕೈಬಿಟ್ಟಿದೆ ಎಂದು ತಿಳಿಯಬೇಕು. ಎಷ್ಟೇ ಚುರುಕಾಗಿದ್ದರೂ ಅದರಲ್ಲಿ ಬ್ಯಾಂಕಿನ ವ್ಯವಹಾರ ಇಟ್ಟುಕೊಳ್ಳುವುದು ಬೇಡ. ಸಿಮ್ ಬೇರೆ ಮೊಬೈಲಿಗೆ ಹಾಕಿ, ಖಾತೆಗಳನ್ನು ತೆಗೆದು ರಿಸೆಟ್ ಮಾಡಿದ ಮೇಲೆ, ಹಳೆಯದನ್ನು ತೋಟದ ಮನೆಯಲ್ಲಿ ರೇಡಿಯೋ ಕೇಳಲು ಇಟ್ಟುಕೊಳ್ಳಬಹುದು.