‘ನೇರ’ ವಿಮಾನ ನಿಜಕ್ಕೂ ನೇರವೇ? ರಜೆಯ ಪ್ರಯಾಣಕ್ಕೆ ಮುಂಚೆ ಒಂದಿಷ್ಟು ಲೆಕ್ಕ

ಟಿಕೆಟ್‌ನಲ್ಲಿ ‘ಡೈರೆಕ್ಟ್’ ಎಂದು ಬರೆದಿದ್ದರೆ ವಿಮಾನ ಮಧ್ಯೆ ಎಲ್ಲೂ ಇಳಿಯುವುದಿಲ್ಲ ಎಂದು ನೀವು ಅಂದುಕೊಂಡಿದ್ದೀರಾ? ಹೆಚ್ಚಿನವರು ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ವಿಮಾನದವರ ಭಾಷೆಯಲ್ಲಿ ‘ಡೈರೆಕ್ಟ್’ ಎಂದರೆ ಹೊರಟಲ್ಲಿಂದ ತಲುಪುವಲ್ಲಿಯವರೆಗೆ ವಿಮಾನದ ನಂಬರು ಒಂದೇ ಎಂದಷ್ಟೇ ಅರ್ಥ. ನಡುವೆ ಒಂದು ಊರಿನಲ್ಲಿ ಇಳಿದು, ಜನರನ್ನು ಇಳಿಸಿ ಹತ್ತಿಸಿಕೊಂಡು ಮುಂದಕ್ಕೆ ಹಾರಿದರೂ ಅದು ಡೈರೆಕ್ಟೇ. ಎಲ್ಲೂ ಇಳಿಯದೆ ಹೋಗುವುದಕ್ಕೆ ‘ನಾನ್‌ಸ್ಟಾಪ್’ ಎಂದು ಬೇರೆಯೇ ಹೆಸರು ಉಂಟು.

ಬಸ್ಸಿನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ ಹೋಗುವ ಬಸ್ಸು ಕುಂಬಳೆ, ಉಪ್ಪಳ, ಮಂಜೇಶ್ವರದಲ್ಲಿ ನಿಲ್ಲುತ್ತದೆ. ನೀವು ಸೀಟು ಬಿಟ್ಟು ಏಳಬೇಕಾಗಿಲ್ಲ. ಅದು ಡೈರೆಕ್ಟ್. ತಲಪಾಡಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದಿರಾ, ಅದು ‘ಕನೆಕ್ಟಿಂಗ್’. ಇನ್ನು, ಜನ ತುಂಬಿದರೂ ತುಂಬದಿದ್ದರೂ ವೇಳಾಪಟ್ಟಿಯ ಪ್ರಕಾರ ಹೊರಡುವ ಸರ್ವಿಸ್ ಬಸ್ಸಿನ ಹಾಗೆ ಇರುವುದು ‘ಶೆಡ್ಯೂಲ್ಡ್’ ವಿಮಾನ. ಮದುವೆ ದಿಬ್ಬಣಕ್ಕೆ ಗೊತ್ತು ಮಾಡುವ ಸ್ಪೆಷಲ್ ಬಸ್ಸಿನ ಹಾಗೆ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿದರೆ ಅದು ‘ಚಾರ್ಟರ್’. ನಮ್ಮ ದೇಶದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಈ ಎರಡು ಬಗೆಯ ಸೇವೆಗೂ ಬೇರೆ ಬೇರೆ ಪರವಾನಗಿ ಕೊಡುತ್ತದೆ.

ಚಾರ್ಟರ್ ಎಂದರೆ ಸಿನಿಮಾದವರಿಗೆ, ಮಂತ್ರಿಗಳಿಗೆ ಮಾತ್ರ ಎಂದು ನಮ್ಮಲ್ಲಿ ಒಂದು ಭಾವನೆ ಉಂಟಲ್ಲವಾ? ಅದರ ಚರಿತ್ರೆ ಹಾಗಿಲ್ಲ. 1950ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ವ್ಲಾದಿಮಿರ್ ರೈಟ್ಸ್ ಎಂಬಾತ ಡಿಸಿ-3 ವಿಮಾನವೊಂದನ್ನು ಬಾಡಿಗೆಗೆ ಹಿಡಿದು ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ರಜೆಯ ಪ್ರವಾಸ ಏರ್ಪಡಿಸಿದ. ವಿಮಾನ, ಟೆಂಟಿನಲ್ಲಿ ವಾಸ, ಊಟ ಎಲ್ಲ ಸೇರಿ ತಲೆಗೆ 32 ಪೌಂಡು 10 ಶಿಲ್ಲಿಂಗ್. ಸರಕಾರ ಅವನಿಗೆ ಅನುಮತಿ ಕೊಟ್ಟದ್ದು ಒಂದು ತಮಾಷೆಯ ಷರತ್ತಿನ ಮೇಲೆ: ವಿದ್ಯಾರ್ಥಿಗಳನ್ನೂ ಶಿಕ್ಷಕರನ್ನೂ ಮಾತ್ರ ಕರೆದುಕೊಂಡು ಹೋಗಬೇಕು! ಸರಕಾರಿ ವಿಮಾನ ಕಂಪೆನಿಯ ಗಿರಾಕಿಗಳು ಕೈತಪ್ಪಿ ಹೋಗಬಾರದಲ್ಲ, ಅದಕ್ಕೆ. ಅಂದರೆ ಇವತ್ತಿನ ‘ಪ್ಯಾಕೇಜ್ ಟೂರ್’ ಶುರುವಾದದ್ದು ನಿಮ್ಮಂಥ ಮಕ್ಕಳಿಂದ, ನಮ್ಮಂಥ ಮೇಷ್ಟ್ರುಗಳಿಂದ.

ಅಷ್ಟು ಅಗ್ಗಕ್ಕೆ ಹೇಗೆ ಸಾಧ್ಯ? ಗೋವಾದಲ್ಲಿರುವ ನಮ್ಮ ಓದುಗರಿಗೆ ಇದರ ಉತ್ತರ ಆಕಾಶದಲ್ಲೇ ಕಂಡಿರಬಹುದು. ಮಳೆಗಾಲ ಮುಗಿದ ಮೇಲೆ ರಷ್ಯಾ, ಬ್ರಿಟನ್ ಮುಂತಾದ ಕಡೆಗಳಿಂದ ಅಲ್ಲಿಗೆ ಚಾರ್ಟರ್ ವಿಮಾನಗಳು ಬರುವುದುಂಟು. ಒಂದು ವಿಮಾನ ವಾರಕ್ಕೊಮ್ಮೆ ಬರುತ್ತದೆ, ಪ್ರತಿ ಗುಂಪು ಒಂದು ವಾರ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ಮೊದಲ ವಾರ ಒಂದನೇ ಗುಂಪನ್ನು ಇಳಿಸಿದ ವಿಮಾನ ಖಾಲಿಯಾಗಿ ಹಿಂದೆ ಹೋಗಬೇಕು. ಎರಡನೇ ವಾರ ಎರಡನೇ ಗುಂಪನ್ನು ಇಳಿಸಿ ಒಂದನೆಯದನ್ನು ಹತ್ತಿಸಿಕೊಳ್ಳುತ್ತದೆ. ಹೀಗೆ ನಡೆದು ಕೊನೆಯ ವಾರ ಖಾಲಿ ಬಂದು ಕೊನೆಯ ಗುಂಪನ್ನು ಕರೆದೊಯ್ಯುತ್ತದೆ. 20 ಗುಂಪುಗಳಿದ್ದರೆ 21 ಸಲ ಬಂದು ಹೋಗಬೇಕು. ಒಟ್ಟು 42 ಹಾರಾಟ, ಅದರಲ್ಲಿ ಖಾಲಿ ಎರಡೇ. ಒಂದೇ ಗುಂಪಿದ್ದರೆ? ನಾಲ್ಕು ಹಾರಾಟ, ಎರಡು ಖಾಲಿ. ಅರ್ಧಕ್ಕರ್ಧ ದಂಡ! ಬೇಕಾದರೆ ವಿಮಾನವನ್ನು ವಾರವಿಡೀ ಅಲ್ಲೇ ನಿಲ್ಲಿಸಿಕೊಳ್ಳಬಹುದು, ಆದರೆ ನಿಂತ ವಿಮಾನಕ್ಕೂ ದುಡ್ಡು ಓಡುತ್ತಲೇ ಇರುತ್ತದೆ. ಜೀಪಿನವನು ‘ವಾಪಸ್ ಬಾಡಿಗೆ’ ಕೇಳುವುದೂ ಇದೇ ಕಾರಣಕ್ಕೆ. ಒಂದು ಮನೆಯವರ ರಜೆಗೆ ಚಾರ್ಟರ್ ಹೊಂದುವುದಿಲ್ಲ ಎಂದು ಇಲ್ಲಿಗೇ ಗೊತ್ತಾಯಿತು. ಹಾಗಾಗಿ ಅದನ್ನು ಬಿಟ್ಟು ಮುಂದೆ ಹೋಗೋಣ.

ನಮ್ಮ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮನೆಯಲ್ಲಿ ಡಿಸೆಂಬರ್ ರಜೆಗೆ ದೆಹಲಿ ನೋಡಿ ಬರುವುದೆಂದು ಮಾತಾಯಿತು. ಅಪ್ಪ, ಅಮ್ಮ, ಇವಳು, ತಮ್ಮ ಮತ್ತು 72 ವರ್ಷದ ಅಜ್ಜಿ. ರೈಲಿನಲ್ಲಿ ಎರಡು ರಾತ್ರಿ ಕಳೆಯಲು ಅಜ್ಜಿಯ ಮೊಣಕಾಲು ಒಪ್ಪುವುದಿಲ್ಲ. ಮಂಗಳೂರಿನಿಂದ ದೆಹಲಿಗೆ ನಾನ್‌ಸ್ಟಾಪ್ ಹೋದರೆ ಒಂದು ರೇಟು. ಬೆಂಗಳೂರಿನಲ್ಲಿ ವಿಮಾನ ಬದಲಿಸಿದರೆ ತಲೆಗೆ 1,400 ರೂಪಾಯಿ ಕಡಿಮೆ. ಐದು ಜನರಿಗೆ 7,000 ರೂಪಾಯಿ, ಹೋಗುವಾಗ ಮಾತ್ರ. ಸಣ್ಣ ಅಂಗಡಿ ನಡೆಸುವ ಮನೆಗೆ ಅದು ಸಣ್ಣ ಮೊತ್ತವಲ್ಲ. ಅವಳು ಕೇಳಿದಳು: “ಸರ್, ಸುತ್ತು ಬಳಸಿ ಹೋಗುವುದಕ್ಕೆ ಪೆಟ್ರೋಲು ಜಾಸ್ತಿ ಬೇಕಲ್ಲ, ಮತ್ತೆ ಅದು ಅಗ್ಗ ಹೇಗೆ?”

ಒಳ್ಳೆಯ ಪ್ರಶ್ನೆ. ಅಟ್ಲಾಸ್ ತೆಗೆಯಿರಿ. (ವಿಮಾನಕ್ಕೆ ಹಾಕುವುದು ಪೆಟ್ರೋಲಲ್ಲ, ಸೀಮೆಎಣ್ಣೆಯ ಜಾತಿಯ ಇಂಧನ. ಅದು ಇರಲಿ.) ಮಂಗಳೂರು ಸುಮಾರು 13 ಡಿಗ್ರಿ ಉತ್ತರ, 74.9 ಡಿಗ್ರಿ ಪೂರ್ವದಲ್ಲಿದೆ. ದೆಹಲಿ 28.6 ಉತ್ತರ, 77.1 ಪೂರ್ವ. ಒಂದು ಡಿಗ್ರಿ ಅಕ್ಷಾಂಶಕ್ಕೆ 111 ಕಿಲೋಮೀಟರ್. ರೇಖಾಂಶಗಳು ಧ್ರುವದ ಕಡೆಗೆ ಹೋದಂತೆ ಒಂದಕ್ಕೊಂದು ಹತ್ತಿರವಾಗುವುದರಿಂದ, ಈ ಎರಡು ಊರುಗಳ ನಡುವಿನ ಜಾಗದಲ್ಲಿ ಒಂದು ಡಿಗ್ರಿಗೆ ಸುಮಾರು 104 ಕಿಲೋಮೀಟರ್. ಉತ್ತರಕ್ಕೆ 15.6 ಡಿಗ್ರಿ, ಅಂದರೆ 1,732 ಕಿಲೋಮೀಟರ್. ಪೂರ್ವಕ್ಕೆ 2.2 ಡಿಗ್ರಿ, ಅಂದರೆ 229. ಪೈಥಾಗೊರಸ್‌ನನ್ನು ಕರೆಯಿರಿ: ಕರ್ಣ ಸುಮಾರು 1,750 ಕಿಲೋಮೀಟರ್. ಭೂಮಿ ಚಪ್ಪಟೆಯಲ್ಲ ನಿಜ, ಆದರೆ ಇಷ್ಟು ದೂರಕ್ಕೆ ಈ ಲೆಕ್ಕ ಚೆನ್ನಾಗಿಯೇ ಬರುತ್ತದೆ.

ಬೆಂಗಳೂರಿನ ಮೂಲಕ ಹೋದರೆ ಮೊದಲು 305, ಆಮೇಲೆ 1,710, ಒಟ್ಟು 2,015 ಕಿಲೋಮೀಟರ್. ಮುಂಬಯಿ ಮೂಲಕ ಹೋದರೆ ಸುಮಾರು 1,850. ನೋಡಿದಿರಾ? ಹೆಸರು ಕೇಳಿದರೆ ಮುಂಬಯಿ ದೂರ ಅನಿಸುತ್ತದೆ, ಆದರೆ ದೆಹಲಿಯ ದಾರಿಯಲ್ಲೇ ಇರುವುದರಿಂದ ಅಲ್ಲಿ ಸುತ್ತು ಬರೇ 100 ಕಿಲೋಮೀಟರ್. ಹತ್ತಿರದ ಬೆಂಗಳೂರಿಗೆ ಹೋದರೆ 265.

ಈಗ ಇಂಧನ. 65 ಟನ್ ತೂಕದ ವಿಮಾನವನ್ನು 11 ಕಿಲೋಮೀಟರ್ ಮೇಲಕ್ಕೆ ಎತ್ತಲು ಬೇಕಾದ ಶಕ್ತಿ ಎಷ್ಟು? ನಿಮಗೆ ಸೂತ್ರ ಗೊತ್ತುಂಟು: ದ್ರವ್ಯರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿ. ಸುಮಾರು 700 ಕೋಟಿ ಜೂಲ್. ಒಂದು ಕಿಲೋ ವಿಮಾನ ಇಂಧನದಲ್ಲಿ ಸುಮಾರು 4.3 ಕೋಟಿ ಜೂಲ್ ಇರುತ್ತದೆ. ಭಾಗಿಸಿದರೆ 163 ಕಿಲೋ. ಎಂಜಿನ್ನು ಸುಟ್ಟದ್ದರಲ್ಲಿ ಮೂರನೇ ಒಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆಂದು ಹಿಡಿದರೆ ಅರ್ಧ ಟನ್ನಿನ ಹತ್ತಿರ. ಕೇಳಲು ದೊಡ್ಡದು. ಆದರೆ 180 ಸೀಟಿಗೆ ಹಂಚಿದರೆ ತಲೆಗೆ ಮೂರು ಕಿಲೋವೂ ಇಲ್ಲ! ಇಳಿಯುವಾಗ ಎಂಜಿನ್ನಿನ ವೇಗ ತಗ್ಗಿಸಿ ಜಾರಿಕೊಂಡೇ ಬರುವುದರಿಂದ ಅದರಲ್ಲೂ ಸ್ವಲ್ಪ ಭಾಗ ಹಿಂದೆ ಸಿಗುತ್ತದೆ. ಬೆಂಗಳೂರಿನಂಥ ಗಿಡ್ಡ ಹಾರಾಟದಲ್ಲಿ ವಿಮಾನ ಅಷ್ಟು ಎತ್ತರಕ್ಕೆ ಏರುವುದೂ ಇಲ್ಲ. ಸುತ್ತಿನ 265 ಕಿಲೋಮೀಟರಿಗೆ ಕಿಲೋಮೀಟರಿಗೆ ಮೂರು ಕಿಲೋದಂತೆ ಇನ್ನು 800 ಕಿಲೋ. ಒಟ್ಟು ಸೇರಿಸಿ ಹಂಚಿದರೂ ತಲೆಗೆ ಏಳೆಂಟು ಕಿಲೋ. ರನ್‌ವೇಯವರೆಗಿನ ಓಡಾಟ ಇತ್ಯಾದಿ ಸೇರಿದರೆ ಇನ್ನಷ್ಟು. ಅಂತೂ ಸುತ್ತು ಬಳಸಿದರೆ ಇಂಧನ ಜಾಸ್ತಿ ಬೇಕು ಎಂದ ನಮ್ಮ ಹುಡುಗಿಯ ಮಾತು ಸರಿ, ಟಿಕೆಟಿನ ರೇಟನ್ನು ನಿರ್ಧರಿಸುವುದು ಮಾತ್ರ ಬೇರೆಯೇ ಒಂದು ಸಂಗತಿ.

ಅದು ಖಾಲಿ ಸೀಟು. ಬಾಗಿಲು ಹಾಕಿದ ಮೇಲೆ ಖಾಲಿ ಸೀಟಿಗೆ ಮೂರು ಕಾಸಿನ ಬೆಲೆಯಿಲ್ಲ. ಹತ್ತು ಊರುಗಳನ್ನು ಪರಸ್ಪರ ಜೋಡಿಸಲು 45 ಮಾರ್ಗಗಳು ಬೇಕು (ಹತ್ತರ ಪ್ರತಿಯೊಂದೂ ಉಳಿದ ಒಂಬತ್ತಕ್ಕೆ, ಅದರ ಅರ್ಧ). ಹತ್ತನ್ನೂ ಮಧ್ಯದ ಒಂದು ದೊಡ್ಡ ಊರಿಗೆ ಜೋಡಿಸಿದರೆ ಹತ್ತೇ ಮಾರ್ಗ ಸಾಕು. ಮಂಗಳೂರಿನವರು, ಹುಬ್ಬಳ್ಳಿಯವರು, ಕೊಯಮತ್ತೂರಿನವರು ಬೆಂಗಳೂರಿನಲ್ಲಿ ಕೂಡಿಕೊಂಡರೆ ದೆಹಲಿಯ ವಿಮಾನ ತುಂಬುತ್ತದೆ. ಜೊತೆಗೆ, ನಾನ್‌ಸ್ಟಾಪ್‌ಗೆ ಜನ ಹೆಚ್ಚು ಕೊಡಲು ತಯಾರಿದ್ದಾರೆಂದು ಕಂಪೆನಿಗೂ ಗೊತ್ತು. ಆ 1,400 ರೂಪಾಯಿ ಇಂಧನದ ಬೆಲೆಯಲ್ಲ, ನಿಮ್ಮ ಸಮಯಕ್ಕೆ, ನೆಮ್ಮದಿಗೆ ಅವರು ಕಟ್ಟಿದ ಬೆಲೆ.

ಹಾಗಾದರೆ ನೆಮ್ಮದಿಯನ್ನೂ ಅಳೆಯೋಣ. ಒಂದೊಂದು ವಿಮಾನವೂ ಹತ್ತರಲ್ಲಿ ಎಂಟು ದಿನ ಹೊತ್ತಿಗೆ ಸರಿಯಾಗಿ ಬರುತ್ತದೆ ಎಂದು ಊಹಿಸಿ. ಎರಡೂ ಸರಿಯಾಗಿ ಬರುವ ಸಂಭವ 0.8 ಗುಣಿಸು 0.8, ಅಂದರೆ 0.64. ಆದರೆ ಈ ಲೆಕ್ಕವನ್ನು ಕಣ್ಣುಮುಚ್ಚಿ ನಂಬಬೇಡಿ. ಎರಡನೆಯದು ತಡವಾದರೆ ನಿಮಗೆ ವಿಮಾನ ತಪ್ಪುವುದಿಲ್ಲ, ಕಾಯುವುದಷ್ಟೆ. ಮೊದಲನೆಯದು ತಡವಾದರೆ ಮಾತ್ರ ತೊಂದರೆ, ಅದೂ ನಡುವಿನ ಬಿಡುವಿಗಿಂತ ಹೆಚ್ಚು ತಡವಾದರೆ. ಆಗ ನಿಮ್ಮ ಕೈಯಲ್ಲಿರುವುದು ಒಂದೇ ಪಿಎನ್‌ಆರ್‌ನ ಟಿಕೆಟೋ, ಬೇರೆ ಬೇರೆ ಕಂಪೆನಿಯ ಎರಡು ಟಿಕೆಟೋ ಎಂಬುದು ದೊಡ್ಡ ಪ್ರಶ್ನೆ. ಒಂದೇ ಟಿಕೆಟಾದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಕಂಪೆನಿಯದು, ಪೆಟ್ಟಿಗೆಗಳೂ ತಾವಾಗಿಯೇ ದಾಟುತ್ತವೆ. ಎರಡು ಟಿಕೆಟಾದರೆ ಪೆಟ್ಟಿಗೆ ತೆಗೆದುಕೊಂಡು ಮತ್ತೆ ಕ್ಯೂ ನಿಲ್ಲಬೇಕು. ತಪ್ಪಿದರೆ ಹೊಸ ಟಿಕೆಟು ನಿಮ್ಮ ಕಿಸೆಯಿಂದ. ಎರಡು ಟಿಕೆಟಿನಲ್ಲಿ ಉಳಿಯುವ ನಾಲ್ಕು ಕಾಸಿಗೆ ಆಸೆ ಬೀಳಬಾರದು ಎನ್ನುವುದು ನನ್ನ ಅಭಿಪ್ರಾಯ.

ಇನ್ನು ಡಿಸೆಂಬರ್‌ನ ದೆಹಲಿ. ಉದ್ದ ರಾತ್ರಿಯಲ್ಲಿ ನೆಲ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಬಿಟ್ಟು ತಣ್ಣಗಾಗುತ್ತದೆ. ಅದಕ್ಕೆ ತಾಗಿದ ತೇವದ ಗಾಳಿ ಇಬ್ಬನಿ ಬಿಂದುವಿಗೆ ಇಳಿದು ಮಂಜಾಗುತ್ತದೆ. ಗಾಳಿ ಬೀಸದಿದ್ದರೆ ಅದು ಅಲ್ಲೇ ನಿಲ್ಲುತ್ತದೆ, ಸಾಮಾನ್ಯವಾಗಿ ಬಿಸಿಲು ಏರಿದ ಮೇಲೆಯೇ ಕರಗುವುದು. ಆ ಹೊತ್ತಿನಲ್ಲಿ ವಿಮಾನಗಳು ಒಂದರ ಹಿಂದೆ ಒಂದು ತಡವಾಗುತ್ತವೆ. ಹಾಗಾಗಿ ಹೋಗುವುದಕ್ಕಿಂತ ಬರುವ ದಾರಿಯೇ ಹೆಚ್ಚು ಅಪಾಯದ್ದು: ದೆಹಲಿಯಿಂದ ಬೆಳಗ್ಗಿನ ವಿಮಾನ ಹಿಡಿದು ಬೆಂಗಳೂರಿನಲ್ಲಿ ಬದಲಿಸುವುದೆಂದರೆ ಮಂಜಿನ ಜೊತೆ ಪಂದ್ಯ ಕಟ್ಟಿದ ಹಾಗೆ. ಅಂದ ಹಾಗೆ, ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ಆ ದಿನಗಳಲ್ಲಿ ಮುಂಜಾನೆಯ ಮಂಜು ಬರುವುದುಂಟು.

ಕಿವಿಯ ಮಾತೂ ಒಂದುಂಟು. 11 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ನೆಲದ ಕಾಲು ಭಾಗಕ್ಕಿಂತ ಕಡಿಮೆ. ಒಳಗೆ ಗಾಳಿ ತುಂಬಿ ಒತ್ತಡವನ್ನು ಸುಮಾರು 2,400 ಮೀಟರ್ ಬೆಟ್ಟದ ಮೇಲಿರುವಷ್ಟಕ್ಕಾದರೂ ಕಾಯ್ದುಕೊಳ್ಳುತ್ತಾರೆ. ನೀಲಗಿರಿಯ ಮಕ್ಕಳಿಗೆ ಇದು ಹೊಸತಲ್ಲ, ಊಟಿಯ ಎತ್ತರ ಹೆಚ್ಚುಕಡಿಮೆ ಅಷ್ಟೇ. ಇಳಿಯುವಾಗ ಹೊರಗಿನ ಒತ್ತಡ ಏರುತ್ತದೆ, ಕಿವಿಯ ಒಳಗಿನದು ಹಿಂದೆ ಬೀಳುತ್ತದೆ. ಮೂಗಿನ ಹಿಂಭಾಗದಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದರೆ ಸರಿ, ಶೀತದಿಂದ ಕಟ್ಟಿದ್ದರೆ ನೋವು. ವಿಮಾನ ಬದಲಿಸಿದರೆ ಈ ಇಳಿತ ಎರಡು ಸಲ. ಎಂಜಲು ನುಂಗಿದರೆ, ಆಕಳಿಸಿದರೆ ನಾಳ ತೆರೆಯುತ್ತದೆ. ಸಣ್ಣ ಮಕ್ಕಳ ಬಾಯಿಗೆ ಚಾಕೊಲೇಟು ಇಡುವುದು ಇದಕ್ಕೇ.

ಅವರ ಮನೆಯಲ್ಲಿ ಕೊನೆಗೆ ಹೀಗಾಯಿತು. ಹೋಗುವಾಗ ಬೆಂಗಳೂರಿನ ಮೂಲಕ, ಒಂದೇ ಟಿಕೆಟು, ಮಂಗಳೂರಿನಿಂದ ಬೆಳಗ್ಗೆ ಹತ್ತರ ಮೇಲೆ ಹೊರಡುವುದು, ನಡುವೆ ಎರಡೂವರೆ ಗಂಟೆ ಬಿಡುವು. ಅಜ್ಜಿಗೆ ಗಾಲಿಕುರ್ಚಿ ಬೇಕೆಂದು ಮೊದಲೇ ತಿಳಿಸಿದ್ದಾರೆ. ಬರುವಾಗ ಮಧ್ಯಾಹ್ನದ ನಾನ್‌ಸ್ಟಾಪ್. ಉಳಿದ 7,000ದಲ್ಲಿ ಎಲ್ಲರಿಗೂ ಸ್ವೆಟರ್. “ಅದರಲ್ಲಿ ಆಗ್ರಾಕ್ಕೂ ಹೋಗಿ ಬರಬಹುದಿತ್ತು” ಎಂದು ತಮ್ಮನ ತಕರಾರು ಇನ್ನೂ ಮುಗಿದಿಲ್ಲವಂತೆ.

ನಿಮ್ಮ ಊರಿನ ಲೆಕ್ಕ ಬೇರೆಯೇ ಬರುತ್ತದೆ. ಹೊಸೂರು, ಮಡಕಶಿರಾದವರು ರಸ್ತೆಯಲ್ಲೇ ಬೆಂಗಳೂರು ವಿಮಾನ ನಿಲ್ದಾಣ ಮುಟ್ಟಬಹುದು, ಅವರಿಗೆ ಬದಲಿಸುವ ಗೋಜೇ ಕಡಿಮೆ. ವಯನಾಡಿನವರಿಗೆ ಕಣ್ಣೂರೂ ಉಂಟು, ಕರಿಪ್ಪೂರೂ ಉಂಟು. ಅಕ್ಕಲಕೋಟೆ, ಜತ್ತದವರು ಪುಣೆಯ ಕಡೆಗೂ ನೋಡಬಹುದು, ಹೈದರಾಬಾದಿನ ಕಡೆಗೂ ನೋಡಬಹುದು. ನಿಮಗೆ ಹತ್ತಿರದ ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶಗಳನ್ನು ಅಟ್ಲಾಸಿನಿಂದ ತೆಗೆದು, ದೆಹಲಿಗೋ ಕೊಲ್ಕತ್ತಕ್ಕೋ ನೇರ ದೂರ ಮತ್ತು ಸುತ್ತು ದೂರ ಎರಡನ್ನೂ ಲೆಕ್ಕ ಹಾಕಿ. ಮನೆಯಿಂದ ನಿಲ್ದಾಣದವರೆಗಿನ ಬಸ್ಸಿನ ಹೊತ್ತು ಸೇರಿಸಲು ಮರೆಯಬೇಡಿ. ಎಷ್ಟೋ ಸಲ ವಿಮಾನದಲ್ಲಿ ಕೂರುವುದಕ್ಕಿಂತ ಅದೇ ಜಾಸ್ತಿ.